ಕಾಡಿನ ಕೇಳ್ವಿ: ಕೊಡಗಿನ ಕೆಂದಳಿಲನ್ನು ಯಲ್ಲಾಪುರಕ್ಕೆ ತಂದರಾಗದೇ?

ಪ್ರಶ್ನೆ: ನಮ್ಮ ಬೆಟ್ಟದ ಕೆಂದಳಿಲಿನ ಬೆನ್ನು ಕೆಂಗಂದು, ಬಾಲದ ತುದಿ ಬಿಳಿಚು. ಮಗಳ ಮನೆಗೆಂದು ಕೊಡಗಿಗೆ ಹೋದಾಗ ಕಂಡದ್ದರ ಬಾಲ ಕಡುಗಪ್ಪು. ಎರಡೂ ಒಂದೇ ಜಾತಿಯೇ? ನಮ್ಮಲ್ಲಿ ಇತ್ತೀಚೆಗೆ ಅಪರೂಪವಾಗಿವೆ. ಅಲ್ಲಿಂದ ನಾಲ್ಕಾರು ಜೋಡಿ ತಂದು ಬಿಟ್ಟರೆ ಆಗದೇ?
— ಅಡಿಕೆ ಬೆಳೆಗಾರರು, ಯಲ್ಲಾಪುರ

ಉತ್ತರ: ಜಾತಿ ಒಂದೇ, ರಾಟುಫಾ ಇಂಡಿಕಾ. ಆದರೂ ತಂದು ಬಿಡುವ ಯೋಚನೆ ಬೇಡ.

ಬಣ್ಣದಿಂದಲೇ ಶುರು ಮಾಡೋಣ. ಸಹ್ಯಾದ್ರಿಯ ಉತ್ತರದ ತುದಿಯಿಂದ ದಕ್ಷಿಣಕ್ಕೆ ಬಂದಂತೆ ಈ ಅಳಿಲಿನ ಮೈಬಣ್ಣ ಗಾಢವಾಗುತ್ತ ಹೋಗುತ್ತದೆ. ಗುಜರಾತಿನ ಡಾಂಗ್ ಕಾಡಿನಲ್ಲಿ ಬಹುಪಾಲು ಬೆಳ್ಳಗಿನದೊಂದು ಬಗೆ ಇತ್ತು. ಈಗ ಅದು ಉಳಿದಿಲ್ಲ ಎಂದೇ ತಿಳಿದವರ ಅಭಿಪ್ರಾಯ. ಮಹಾರಾಷ್ಟ್ರದವರು ‘ಶೇಕರು’ ಎಂದು ಕರೆದು ರಾಜ್ಯಪ್ರಾಣಿಯ ಪಟ್ಟ ಕಟ್ಟಿದ್ದು, ನಿಮ್ಮ ಬೆಟ್ಟದಲ್ಲಿರುವುದು ಎರಡೂ ಕಂದು ಮೈಯವು. ಕೇರಳದ ಮಳೆಕಾಡಿನಲ್ಲಿ ಬೆನ್ನೂ ಬಾಲವೂ ಕಪ್ಪು. ಮಳೆ ಹೆಚ್ಚಿ ಕಾಡು ಕತ್ತಲಾದಲ್ಲಿ ಮೈ ಕಪ್ಪಾಗುವುದು ಬೇರೆ ಪ್ರಾಣಿ–ಪಕ್ಷಿಗಳಲ್ಲೂ ಇದೆ. ಈ ಬಣ್ಣಗಳನ್ನು ಹಿಡಿದು ಪಂಡಿತರು ಉಪಜಾತಿ ಎಂದು ಹೆಸರಿಟ್ಟರು. ಎಷ್ಟು ಉಪಜಾತಿ ಎಂಬ ಜಗಳ ಇನ್ನೂ ಮುಗಿದಿಲ್ಲ, ಅದನ್ನು ಅವರಿಗೇ ಬಿಡೋಣ.

ನನಗೆ ಮುಖ್ಯವಾದದ್ದು ಈ ವ್ಯತ್ಯಾಸ ಹುಟ್ಟಿದ ಬಗೆ. ಎರಡು ಕೇಜಿ ತೂಗುವ ಈ ಪ್ರಾಣಿ ನೆಲ ಮುಟ್ಟುವುದೇ ಅಪರೂಪ. ಕೊಂಬೆಯಿಂದ ಕೊಂಬೆಗೆ ಆರು ಮೀಟರ್ ಹಾರೀತು, ಅದರಾಚೆಗೆ ಅದರ ಪಾಲಿಗೆ ದಾರಿ ಮುಗಿಯಿತು. ಬಯಲು, ಗದ್ದೆ, ಅಗಲವಾದ ಹೊಳೆ ಅಡ್ಡ ಬಂದರೆ ಈಚೆಯದು ಈಚೆ, ಆಚೆಯದು ಆಚೆ. ಸಾವಿರಾರು ವರ್ಷ ಹಾಗೇ ಉಳಿದರೆ ಎರಡೂ ಕಡೆ ವಂಶವಾಹಿಯಲ್ಲಿ ಬೇರೆಬೇರೆ ಬದಲಾವಣೆ ಸೇರುತ್ತವೆ. ಹಿಂಡು ಸಣ್ಣದಾದಷ್ಟೂ ಕೆಲವು ಗುಣ ಬರಿಯ ಆಕಸ್ಮಿಕದಿಂದ ಉಳಿಯುತ್ತವೆ, ಕೆಲವು ಅಳಿಯುತ್ತವೆ. ಪಾಲಕ್ಕಾಡಿನಲ್ಲಿ ಘಟ್ಟಸಾಲು ಮುರಿದು ಸುಮಾರು 40 ಕಿಲೋಮೀಟರ್ ಕಿಂಡಿ ಬಿದ್ದಿದೆಯಲ್ಲ, ಅದರ ಉತ್ತರದ ನೀಲಗಿರಿ ಆನೆಗಳಿಗೂ ದಕ್ಷಿಣದ ಆನೈಮಲೆಯ ಆನೆಗಳಿಗೂ ವಂಶವಾಹಿಯಲ್ಲಿ ವ್ಯತ್ಯಾಸ ಕಂಡಿದೆ. ಆನೆಗೇ ಹೀಗಾದರೆ ಮರ ಬಿಟ್ಟಿಳಿಯದ ಅಳಿಲಿನ ಪಾಡು ಊಹಿಸಿ.

ಅಳಿಲುಗಳದ್ದೇ ಉದಾಹರಣೆ ಬೇಕೇ? ನಮ್ಮ ಘಟ್ಟದ ಮಬ್ಬುಪಟ್ಟೆಯ ಪುಟ್ಟ ಅಳಿಲು, ಶ್ರೀಲಂಕಾದ ಅದರಂಥದ್ದೇ ಅಳಿಲು ಬಹುಕಾಲ ಒಂದೇ ಜಾತಿ ಎನಿಸಿಕೊಂಡಿದ್ದವು. 2012ರಲ್ಲಿ ಡಿಎನ್‌ಎ, ತಲೆಬುರುಡೆ ಎರಡನ್ನೂ ನೋಡಿ ಬೇರೆ ಮಾಡಿದರು. ಒಂದು ದಿನಕ್ಕೆ ಮೊದಲು ‘ಎರಡು ದೇಶಗಳಲ್ಲಿದೆ, ಚಿಂತೆಯಿಲ್ಲ’ ಎಂದಿದ್ದವು ಮರುದಿನ ಒಂದೊಂದೇ ನಾಡಿನವಾದವು. ಭೂಪಟದಲ್ಲಿ ಕನ್ಯಾಕುಮಾರಿಯಿಂದ ಡಾಂಗ್‌ವರೆಗೆ ಒಂದೇ ಹಸಿರು ಬಳಿದು ‘ವ್ಯಾಪ್ತಿ’ ಎಂದು ಬರೆಯುವುದು ನನಗೆ ಹಿಡಿಸದಿರುವುದು ಇದಕ್ಕೇ.

ಇನ್ನು ನಿಮ್ಮ ಪ್ರಸ್ತಾಪ. ಕೊಡಗಿನದನ್ನು ತಂದು ಬಿಟ್ಟರೆ ನಿಮ್ಮ ಕಾಡಿಗೆ ಒಗ್ಗಿದ ಗುಣಗಳು ಕಲಬೆರಕೆಯಾಗುತ್ತವೆ. ಸಾಲದ್ದಕ್ಕೆ ಇದು ವನ್ಯಜೀವಿ ಸಂರಕ್ಷಣಾ ಕಾಯ್ದೆಯ ರಕ್ಷಣೆಯಿರುವ ಪ್ರಾಣಿ, ಹಿಡಿದವರಿಗೆ ಜೈಲು. ಕಡಿಮೆಯಾದದ್ದೇಕೆ ಎಂದು ಮೊದಲು ನೋಡಿ. ನಿಮ್ಮ ತಾಲ್ಲೂಕಿನ ಮಾಗೋಡಿನಲ್ಲೇ ಜೀವವಿಜ್ಞಾನಿ ರೆನೀ ಬೋರ್ಜಸ್ ಈ ಅಳಿಲುಗಳ ಹಿಂದೆ ಬಿದ್ದು, ಯಾವ ಮರದ ಚಿಗುರು, ಯಾವುದರ ಬೀಜ ತಿನ್ನುತ್ತವೆ ಎಂದು ಅಧ್ಯಯನ ಮಾಡಿದ್ದರು. ಅಳಿಲಿಗೆ ವರ್ಷವಿಡೀ ಒಂದಿಲ್ಲೊಂದು ಮರ ಉಣಿಸಬೇಕು. ಅಡಿಕೆ ತೋಟಕ್ಕೆಂದು ಸೊಪ್ಪು ಕಡಿಯುವ ನಮ್ಮ ಸೊಪ್ಪಿನ ಬೆಟ್ಟಗಳಲ್ಲಿ ಮರದ ನೆತ್ತಿ ಬಿಟ್ಟು ಸುತ್ತ ಸವರಿಬಿಟ್ಟರೆ ಒಂದು ಮರಕ್ಕೂ ಇನ್ನೊಂದಕ್ಕೂ ಸಂಬಂಧವೇ ಇರುವುದಿಲ್ಲ. ಎರಡು ಕಾಡಿನ ನಡುವಿನ ಒಂದು ಸಾಲು ಮರಗಳ ಸೊಪ್ಪು ಸವರದೆ ಬಿಡಿ. ದೂರದ ಅಳಿಲು ತರುವ ಖರ್ಚಿಗಿಂತ ಅದು ಅಗ್ಗ, ಕೊಂಬೆ ಕೂಡಿದರೆ ಪಕ್ಕದ ಬೆಟ್ಟದವು ತಾವೇ ಬಂದಾವು.

ಪ್ರಶ್ನೆ: ನಮ್ಮ ತೋಟದ ಹಳೇ ಮರದ ಪೊಟರೆಯಲ್ಲಿ ಬೆನ್ನಿಗೆ ಮುಳ್ಳು, ಬಾಲದ ತುದಿಗೆ ಬಿಳಿ ಕುಚ್ಚು ಇರುವ ಇಲಿ ಸಿಕ್ಕಿತು. ಕರಿಮೆಣಸು ತಿನ್ನುವುದು ಇದೇ ಎನ್ನುತ್ತಾರೆ. ಮುಳ್ಳುಹಂದಿಯ ನೆಂಟನೇ?
— ಕಾಫಿ ಬೆಳೆಗಾರರು, ಸೋಮವಾರಪೇಟೆ

ಉತ್ತರ: ಮುಳ್ಳುಹಂದಿಗೂ ಇದಕ್ಕೂ ಹತ್ತಿರದ ಸಂಬಂಧವಿಲ್ಲ. ಇದು ಪ್ಲಾಟಕಾಂತೊಮಿಸ್, ಸಹ್ಯಾದ್ರಿ ಬಿಟ್ಟು ಜಗತ್ತಿನಲ್ಲಿ ಬೇರೆಲ್ಲೂ ಇಲ್ಲ. 1859ರಲ್ಲಿ ಕಲ್ಕತ್ತೆಯ ಪ್ರಾಣಿಶಾಸ್ತ್ರಜ್ಞ ಎಡ್ವರ್ಡ್ ಬ್ಲೈತ್ ಹೆಸರಿಟ್ಟರು. ಪ್ಲಾಂಟರುಗಳು ‘ಪೆಪ್ಪರ್ ರ್‍ಯಾಟ್’ ಎಂದು ಬೈದುಕೊಂಡದ್ದು ಇದನ್ನೇ. ಕಳ್ಳಿನ ಗಡಿಗೆಗೂ ಇಳಿಯುತ್ತದೆಂಬ ಮಾತುಂಟು.

ನೆಂಟರು ಯಾರೆಂದರೆ, ಬದುಕಿರುವವರಲ್ಲಿ ತೀರ ಹತ್ತಿರದವರು ದಕ್ಷಿಣ ಚೀನಾ ಮತ್ತು ಉತ್ತರ ವಿಯೆಟ್ನಾಂ ಬೆಟ್ಟಗಳ ಟೈಫ್ಲೊಮಿಸ್ ಎಂಬ ಪುಟ್ಟ ಇಲಿ. ಅದಕ್ಕೆ ಕಣ್ಣು ಮಂಜು, ಬಾವಲಿಯ ಹಾಗೆ ಸದ್ದಿನ ಪ್ರತಿಧ್ವನಿ ಕೇಳಿ ದಾರಿ ಹಿಡಿಯುತ್ತದೆ ಎಂದು 2016ರಲ್ಲಿ ಪತ್ತೆಯಾಯಿತು. ನಡುವೆ ಸಾವಿರಾರು ಕಿಲೋಮೀಟರ್ ಉದ್ದಕ್ಕೂ ಈ ಮನೆತನದ ಒಂದು ಜೀವವೂ ಇಲ್ಲ. ಆದರೆ ಚೀನಾದ ಯುನ್ನಾನ್ ಪ್ರಾಂತ್ಯದ ಲುಫೆಂಗ್‌ನಲ್ಲಿ ನಿಮ್ಮ ತೋಟದ ಇಲಿಯ ಕುಲದ್ದೇ ಹಲ್ಲುಗಳು ಪಳೆಯುಳಿಕೆಯಾಗಿ ಸಿಕ್ಕಿವೆ, ಕೆಲವು ದಶಲಕ್ಷ ವರ್ಷ ಹಳೆಯವು. ಎಂದರೆ ಒಂದು ಕಾಲಕ್ಕೆ ಈ ಕುಲ ಬಹಳ ದೂರ ಹರಡಿತ್ತು, ನಡುವಿನವರು ಅಳಿದರು, ತುದಿಯವರು ಉಳಿದರು. ವಂಶವಾಹಿ ಹೇಳುವುದು ಇನ್ನೂ ಸೋಜಿಗ: ಮನೆ ಇಲಿ, ಸುಂಡಿಲಿ, ಹ್ಯಾಮ್‌ಸ್ಟರ್ ಎಲ್ಲ ಸೇರಿದ ದೊಡ್ಡ ಬಳಗದಿಂದ ಎಲ್ಲರಿಗಿಂತ ಮೊದಲು ಕವಲೊಡೆದ ಮನೆತನ ಇದು. ನಾಲ್ಕು ಸೇರು ಮೆಣಸು ತಿಂದರೆ ತಿನ್ನಲಿ. ಪೊಟರೆಯ ಹಳೇ ಮರ ತೆಗೆದು ಸಿಲ್ವರ್ ಓಕ್ ನೆಡಬೇಡಿ, ಅದರಲ್ಲಿ ಇದಕ್ಕೆ ಮನೆಯಿಲ್ಲ.

ಪ್ರಶ್ನೆ: ಮಂಗನ ಕಾಯಿಲೆ ಹರಡುವುದರಲ್ಲಿ ಇಲಿಗಳದ್ದೂ ಪಾಲಿದೆಯಂತೆ. ಕಾಡಿನಂಚಿಗೆ ಪಾಷಾಣ ಇಟ್ಟರೆ ಒಳ್ಳೆಯದಲ್ಲವೇ?
— ಸಾಗರದ ಓದುಗರು

ಉತ್ತರ: ಖಂಡಿತ ಬೇಡ. 1957ರಲ್ಲಿ ನಿಮ್ಮ ಪಕ್ಕದ ಸೊರಬದ ಕ್ಯಾಸನೂರು ಕಾಡಿನಲ್ಲಿ ಕಂಡ ಈ ಕಾಯಿಲೆಯನ್ನು ಮನುಷ್ಯರಿಗೆ ದಾಟಿಸುವುದು ಉಣುಗು. ಎಳೆಯ ಉಣುಗುಗಳು ಇಲಿ, ಮೂಗಿಲಿಗಳ ಮೈಮೇಲೆ ಬೆಳೆಯುವುದು ನಿಜ. ಆದರೆ ಇಲಿ ಸತ್ತರೆ ಉಣುಗು ಸಾಯುವುದಿಲ್ಲ, ಇನ್ನೊಂದು ಮೈ ಹುಡುಕುತ್ತದೆ. ಸತ್ತ ಇಲಿ ತಿಂದ ಪುನುಗು, ಗೂಬೆಗಳೂ ಹೋದಾವು.

ಅಲ್ಲದೆ ‘ಇಲಿ’ ಎಂದು ನೀವು ಕೊಲ್ಲುವುದು ಯಾವುದನ್ನು? ಕೊಡಗಿನ ಕಾಡಿನಲ್ಲಿ ನೋಡಲು ಮನೆ ಇಲಿಯಂತೆಯೇ ಇರುವ ರಾಟಸ್ ಸತಾರೇ ಇದೆ. ಮನೆ ಇಲಿಯದೇ ಒಂದು ರೂಪ ಎಂದು ಬಹುಕಾಲ ಬದಿಗಿಟ್ಟಿದ್ದರು. 2011ರಲ್ಲಿ ಕ್ರೋಮೋಸೋಮು, ವಂಶವಾಹಿ ಹೋಲಿಸಿದಾಗ ಬೇರೆಯೇ ಜಾತಿ ಎಂದಾಯಿತು. ಎರಡೂ ಒಂದೇ ಕಾಡಿನಲ್ಲಿ ಓಡಾಡುತ್ತವೆ, ಬೆರೆಯುವುದಿಲ್ಲ. ಒಂದು ಹಡಗೇರಿ ಜಗತ್ತನ್ನೆಲ್ಲ ಸುತ್ತಿದೆ, ಇನ್ನೊಂದು ಸಹ್ಯಾದ್ರಿ ದಾಟಿಲ್ಲ. ಪಾಷಾಣಕ್ಕೆ ಅದು ಗೊತ್ತಾಗುವುದಿಲ್ಲ. ಕಾಡಿಗೆ ಹೋಗುವಾಗ ಉಣುಗು ಹತ್ತದಂತೆ ಆರೋಗ್ಯ ಇಲಾಖೆ ಕೊಡುವ ಡೆಪಾ ತೈಲ ಹಚ್ಚಿಕೊಳ್ಳಿ, ಬಂದ ಮೇಲೆ ಬಿಸಿನೀರಲ್ಲಿ ಮೀಯಿರಿ, ಮಂಗ ಸತ್ತು ಬಿದ್ದಿದ್ದರೆ ಮುಟ್ಟದೆ ಹತ್ತಿರದ ಆರೋಗ್ಯ ಕೇಂದ್ರಕ್ಕೆ ಫೋನು ಮಾಡಿ.