ಸರ್ಕಾರಿ ಆಫೀಸಿನ ಎಸ್‌ಡಿಎ (ದ್ವಿತೀಯ ದರ್ಜೆ ಸಹಾಯಕ) ಪೋಸ್ಟಿಗೂ ಪಿಯುಸಿ ಕೇಳ್ತಾರೆ, ಎಂಎಲ್ಎ ಆಗೋಕೆ ಮಾತ್ರ ಓದು ಯಾಕೆ ಬೇಡ?

ಸಂವಿಧಾನದಲ್ಲೇ ಕೇಳಿಲ್ಲ, ಅದಕ್ಕೆ. 173ನೇ ವಿಧಿ ಕೇಳೋದು ಭಾರತದ ಪ್ರಜೆ ಆಗಿರ್ಬೇಕು, 25 ವರ್ಷ ತುಂಬಿರ್ಬೇಕು, ಪ್ರಮಾಣ ಮಾಡ್ಬೇಕು, ಜೊತೆಗೆ ಸಂಸತ್ತು ಕಾನೂನಲ್ಲಿ ಹೇಳಿದ್ದು ಅಂದ್ರೆ ವೋಟರ್ ಲಿಸ್ಟಲ್ಲಿ ಹೆಸರು ಇರೋ ಥರದ್ದು. ಮಾರ್ಕ್ಸ್ ಕಾರ್ಡ್ ಸುದ್ದೀನೇ ಇಲ್ಲ.

1951ರ ಜನಗಣತೀಲಿ ಓದು ಬರಹ ಬರ್ತಿದ್ದೋರು ನೂರಕ್ಕೆ ಸುಮಾರು 18 ಜನ, ಹೆಂಗಸರಲ್ಲಂತೂ 9ರ ಹತ್ರ ಅಷ್ಟೇ, ಆಗ ಡಿಗ್ರಿ ಬೇಕು ಅಂದಿದ್ರೆ ಊರಿಗೂರೇ ವೋಟ್ ಹಾಕೋಕೆ ಮಾತ್ರ ಇರ್ತಿತ್ತು, ನಿಲ್ಲೋರು ಮಾತ್ರ ನಾಕು ಮನೆಯೋರು. ರಾಜೇಂದ್ರ ಪ್ರಸಾದ್ ಅವರಿಗೂ ಶಾಸಕರಿಗೆ ವಿದ್ಯಾರ್ಹತೆ ಇಟ್ಟಿಲ್ವಲ್ಲ ಅಂತ ಬೇಜಾರಿತ್ತು, ಸಂವಿಧಾನ ಸಭೇಲೇ ಹೇಳಿದ್ರು.

ಹರಿಯಾಣದಲ್ಲಿ 2015ರಲ್ಲಿ ಪಂಚಾಯ್ತಿ ಎಲೆಕ್ಷನ್ನಿಗೆ ಓದಿನ ರೂಲ್ ತಂದ್ರು, ಸುಪ್ರೀಂ ಕೋರ್ಟ್ ಕೂಡ ಸರಿ ಅಂತು. ಅದರ ಹೊಡೆತ ಎಲ್ಲರಿಗಿಂತ ಜಾಸ್ತಿ ಬಿದ್ದಿದ್ದು ದಲಿತ ಹೆಂಗಸರಿಗೆ, ಶಾಲೆಗೆ ಕಳಿಸದೇ ಇದ್ದಿದ್ದು ಅವರ ತಪ್ಪಾ ಹೇಳಿ! ರಾಜಸ್ಥಾನ ಇಂಥದ್ದೇ ರೂಲ್ ತಂದು 2019ರಲ್ಲಿ ತೆಗೆದುಹಾಕ್ತು.

ನಿಮಗೆ ಓದು ಮುಖ್ಯ ಅನ್ಸಿದ್ರೆ ಕ್ಯಾಂಡಿಡೇಟ್ ನಾಮಿನೇಷನ್ ಜೊತೆ ಕೊಡೋ ಅಫಿಡವಿಟ್ಟಲ್ಲಿ ಎಲ್ಲೀವರೆಗೆ ಓದಿದಾರೆ ಅಂತ ಬರೆದಿರ್ತಾರೆ, ಚುನಾವಣಾ ಆಯೋಗದ ವೆಬ್‌ಸೈಟಲ್ಲೇ ಸಿಗತ್ತೆ, ಕೇಸ್‌ಗಳ ಕಾಲಮ್ಮೂ ಅದರಲ್ಲೇ ಇದೆ.