ಕೊಟ್ಟಿಗೆಗೆ ಹೋಗುವ ಕೇಬಲ್ ಆರ್ಮರ್ಡ್ (ಒಳಗೆ ಲೋಹದ ಕವಚ ಇರುವಂಥದ್ದು) ಹೌದೋ ಅಲ್ಲವೋ, ನೋಡುವುದು ಹೇಗೆ?

ಶಿರಸಿ ಕಡೆಯ ಹಳೇ ಮನೆ, ಅಂಗಳದಡಿಯಿಂದ ಕೊಟ್ಟಿಗೆಗೆ ಹೋದ ಕಪ್ಪು ಕೇಬಲ್, ಇನ್ನೂ ಬಳಸಬಹುದಾ ಅಂತ ಕೇಳಿದ್ದೀರಿ.

ಮೊದಲು ಮೇನ್ ಆಫ್ ಮಾಡಿ. ಕೇಬಲ್ ಮೇಲಿನ ಮಣ್ಣು ಒರೆಸಿದರೆ ಅಕ್ಷರ ಕಾಣುತ್ತದೆ. ಎ2ಎಕ್ಸ್‌ಎಫ್‌ವೈ ಅಂತಿದ್ದರೆ ಅಲ್ಯೂಮಿನಿಯಂ ತಂತಿ, ಸುತ್ತ ಚಪ್ಪಟೆ ಉಕ್ಕಿನ ಪಟ್ಟಿಯ ಕವಚ. ಎಫ್ ಬದಲು ಡಬ್ಲ್ಯೂ ಇದ್ದರೆ ಕವಚ ದುಂಡು ತಂತಿಯದ್ದು, ಮೊದಲಿನ ಎ ಇಲ್ಲದಿದ್ದರೆ ಒಳಗಿರುವುದು ತಾಮ್ರ. ಅಕ್ಷರ ಅಳಿಸಿದ್ದರೆ ಆಯಸ್ಕಾಂತ ಹಿಡಿದು ನೋಡಿ, ಅಂಟಿದರೆ ಒಳಗೆ ಉಕ್ಕಿನ ಕವಚ ಇದೆ.

ಆಮೇಲೆ ಎರಡೂ ತುದಿ ನೋಡಿ, ನಮ್ಮ ಮಳೆಗೆ ಹಾಳಾಗುವುದು ಜಾಸ್ತಿ ಅಲ್ಲೇ. ನಮ್ಮ ಕೊಟ್ಟಿಗೆಯಲ್ಲಿ ಗ್ಲ್ಯಾಂಡ್ (ಕೇಬಲ್ ತುದಿಯನ್ನು ಬೋರ್ಡಿಗೆ ಬಿಗಿಯಾಗಿ ಕೂರಿಸುವ ಲೋಹದ ಬಿಡಿಭಾಗ) ಹಾಕದೆ ಕವಚ ಕತ್ತರಿಸಿ ಸುಮ್ನೆ ಟೇಪ್ ಸುತ್ತಿದ್ದರು, ಆಷಾಢದಲ್ಲಿ ಬೋರ್ಡಿನಿಂದ ತುಕ್ಕಿನ ಕೆಂಪು ನೀರು ತೊಟ್ಟಿಕ್ಕುತ್ತಿತ್ತು! ಕವಚಕ್ಕೆ ಅರ್ಥಿಂಗ್ ಇರಲೇಬೇಕು.

ಮಲ್ಟಿಮೀಟರ್ ಸಾಲದು. ಲೈಸೆನ್ಸ್ ಇರುವ ವೈರ್‌ಮನ್ ಕರೆಸಿ, ಎರಡೂ ತುದಿ ಬಿಚ್ಚಿ 500 ವೋಲ್ಟ್ ಮೆಗ್ಗರ್‌ನಲ್ಲಿ (ಇನ್ಸುಲೇಷನ್ ಚೆನ್ನಾಗಿದೆಯೇ ಎಂದು ಅಳೆಯುವ ಮೀಟರ್) ತಂತಿ-ತಂತಿ ನಡುವೆ, ತಂತಿ-ಕವಚದ ನಡುವೆ ಅಳೆಸಿ. 1 ಮೆಗಾಓಮ್‌ಗಿಂತ ಕಡಿಮೆ ಬಂದರೆ ಬದಲಿಸಿ. 30 ಮಿಲಿಆಂಪಿಯರ್ ಆರ್‌ಸಿಸಿಬಿಯನ್ನೂ (ಕರೆಂಟ್ ಸೋರಿದರೆ ತಾನಾಗೇ ಆಫ್ ಆಗುವ ಸ್ವಿಚ್) ಹಾಕಿಸಿ, ಮನುಷ್ಯರಿಗೆ ಗೊತ್ತೇ ಆಗದ ಸಣ್ಣ ಶಾಕ್ ದನಕ್ಕೆ ಗೊತ್ತಾಗುತ್ತದೆ.