ರೀ ಡ್ರಮಂಡ್ ಅವರ ಹಳ್ಳಿ ಬದುಕು ಎಷ್ಟು ನಿಜ?

ಅಮೆರಿಕದ ಟಿವಿ ಅಡುಗೆ ಕಾರ್ಯಕ್ರಮ 'ದಿ ಪಯೋನಿಯರ್ ವುಮನ್'ನ ರೀ ಡ್ರಮಂಡ್ ನಿಜಕ್ಕೂ ಹಳ್ಳಿಯವರಾ, ಇಲ್ಲ ಟಿವಿಗೆ ಹಾಕಿದ ವೇಷವಾ ಅಂತ ಕೇಳಿದ್ದೀರಿ. ವೇಷವಲ್ಲ. ಆದರೆ ಸಾಧಾರಣ ರೈತ ಕುಟುಂಬ ಅಂದುಕೊಂಡರೆ ಅದು ಪೂರ್ತಿ ತಪ್ಪು.

ಅವರು ಬೆಳೆದದ್ದು ಒಕ್ಲಹೋಮಾದ ಬಾರ್ಟಲ್ಸ್‌ವಿಲ್‌ನಲ್ಲಿ. ಅದು ಫಿಲಿಪ್ಸ್ ಪೆಟ್ರೋಲಿಯಂ ಕಂಪನಿಯ ಊರು. ತಂದೆ ಮೂಳೆ ಡಾಕ್ಟರು, ಕಾಲೇಜು ಓದಿದ್ದು ಲಾಸ್ ಏಂಜಲೀಸ್‌ನಲ್ಲಿ. 1996ರಲ್ಲಿ ಮದುವೆಯಾಗಿ ಪಾಹಸ್ಕಾ ಪಟ್ಟಣದ ಹತ್ತಿರದ, ದನ ಸಾಕುವ ರ‍್ಯಾಂಚಿಗೆ ಬಂದರು. ಬ್ಲಾಗ್ ಶುರುವಾದದ್ದು 2006ರಲ್ಲಿ, ಟಿವಿ 2011ರಲ್ಲಿ. ಕ್ಯಾಮೆರಾ ಬರುವ ಹದಿನೈದು ವರ್ಷ ಮೊದಲೇ ಅಲ್ಲಿ ಸಂಸಾರ ಮಾಡುತ್ತಿದ್ದರು. ಗಂಡನ ಮನೆತನದ ಜಮೀನು ಮಾತ್ರ ನಾಲ್ಕು ಲಕ್ಷ ಎಕರೆಗೂ ಮೇಲೆ! ಪಾಹಸ್ಕಾ ಅಮೆರಿಕದ ಮೂಲನಿವಾಸಿಗಳಾದ ಓಸೇಜ್ ಜನರ ಓಸೇಜ್ ನೇಷನ್ನಿನ ರಾಜಧಾನಿ ಕೂಡ ಹೌದು. ಅದನ್ನು ಬಿಟ್ಟು ಆ ನೆಲದ ಕಥೆ ಅರ್ಥವಾಗುವುದಿಲ್ಲ.

ಅಡುಗೆಯಂತೂ ಅಪ್ಪಟ ಅಲ್ಲಿಯದೇ. ಚಿಕನ್ ಫ್ರೈಡ್ ಸ್ಟೇಕ್ (ಕೋಳಿಯಲ್ಲ, ಬಡಿದು ಮೆತ್ತಗಾಗಿಸಿ, ಹಿಟ್ಟು ಹಚ್ಚಿ ಕರಿದ ದನದ ಮಾಂಸ) 1988ರಿಂದ ಒಕ್ಲಹೋಮಾದ ಅಧಿಕೃತ ರಾಜ್ಯದೂಟದಲ್ಲಿದೆ. ನೀವೇ ಮಾಡಿ ನೋಡುವುದಾದರೆ ಅದರ ಮೇಲೆ ಸುರಿಯುವ ಗ್ರೇವಿಗೆ ಕರಿದುಳಿದ ಕೊಬ್ಬು ಕಾಲು ಕಪ್, ಮೈದಾ ಅಷ್ಟೇ, ಹಾಲು ಎರಡೂವರೆ ಕಪ್. ಮೈದಾ ಹೊಂಬಣ್ಣಕ್ಕೆ ತಿರುಗುವ ಮೊದಲೇ ಹಾಲು ಸುರಿದರೆ ಹಸಿ ವಾಸನೆ ಉಳಿದುಬಿಡುತ್ತದೆ.